ನೂರು ಕಿಲೋಮೀಟರ್ ನಡೆಯುವ ಮುನ್ನ: ಪಾದದಿಂದ ಮನಸ್ಸಿನವರೆಗೆ 20 ವಾರಗಳ ಸಿದ್ಧತೆ

100 ಕಿ.ಮೀ. ನಡೆಯಲು ಸುಮಾರು 1.3 ಲಕ್ಷ ಹೆಜ್ಜೆ ಬೇಕು. ಒಂದೊಂದು ಪಾದವೂ ಇಡೀ ಮೈಭಾರವನ್ನು 65 ಸಾವಿರ ಸಲ ಹೊರಬೇಕು. ಈ ಲೆಕ್ಕವನ್ನು ಮೊದಲೇ ಮನಸ್ಸಿಗೆ ತಂದುಕೊಂಡರೆ ಸಿದ್ಧತೆ ಸರಿಯಾದ ಜಾಗದಿಂದ ಶುರುವಾಗುತ್ತದೆ. ದೂರದ ನಡಿಗೆ ಎಂದೊಡನೆ ಹೆಚ್ಚಿನವರು ದಮ್ಮಿನ ಬಗ್ಗೆ, ತೊಡೆಯ ಬಲದ ಬಗ್ಗೆ ಚಿಂತಿಸುತ್ತಾರೆ. ನಡಿಗೆಯ ವೇಗದಲ್ಲಿ ಆರೋಗ್ಯವಂತರ ದಮ್ಮು ಕೈಕೊಡುವುದು ಅಪರೂಪ. ಅರ್ಧದಾರಿಯಲ್ಲಿ ಕುಳಿತುಬಿಟ್ಟವರನ್ನು ಕೇಳಿ ನೋಡಿ: ಹಿಮ್ಮಡಿಯ ಬೊಬ್ಬೆ, ಹೊಟ್ಟೆ ತೊಳಸು, ಇಳಿಜಾರಿನಲ್ಲಿ ಹಿಡಿದುಕೊಂಡ ಮೊಣಕಾಲು, ಇಲ್ಲವೇ ನಡುರಾತ್ರಿ ತಲೆಗೆ ಹೊಕ್ಕ ‘ಇದೆಲ್ಲ ನನಗೆ ಯಾಕೆ ಬೇಕಿತ್ತು’ ಎಂಬ ಪ್ರಶ್ನೆ.

ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಪಳಗುವುದಿಲ್ಲ. ಹೃದಯ ಮತ್ತು ರಕ್ತಸಂಚಾರ ಕೆಲವೇ ವಾರಗಳಲ್ಲಿ ಸುಧಾರಿಸುತ್ತವೆ. ಸ್ನಾಯುಗಳು ಇನ್ನಷ್ಟು ಸಮಯ ಕೇಳುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳಿಗೆ ಮತ್ತು ಮೂಳೆಗೆ ತಿಂಗಳುಗಳೇ ಬೇಕು. ಆರನೇ ವಾರದಲ್ಲಿ ‘ನಾನೀಗ ತಯಾರು’ ಎನ್ನಿಸುವುದು ಹೃದಯದ ಮಾತನ್ನಷ್ಟೇ ಕೇಳಿದ್ದರಿಂದ. ಮೂಳೆಗೆ ಆಗಿನ್ನೂ ಸುದ್ದಿಯೇ ಸರಿಯಾಗಿ ಮುಟ್ಟಿರುವುದಿಲ್ಲ. ತರಬೇತಿಯ ಗಾಯಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಅಂತರದಲ್ಲೇ. ಹಾಗಾಗಿ ನಿಧಾನವಾಗಿ ಪಳಗುವ ಭಾಗ ಯಾವುದೋ ಅದರ ಲೆಕ್ಕದಲ್ಲೇ ವೇಳಾಪಟ್ಟಿ ಹಾಕಿಕೊಳ್ಳಬೇಕು. ಮುಂದಿನ ಹಂತಗಳೆಲ್ಲವೂ ಇದೇ ಮಾತಿನ ಮೇಲೆ ನಿಂತಿವೆ.

ಹಂತ 1: ಯಾವ ನಡಿಗೆ, ಎಷ್ಟು ಹೊತ್ತು?

ದೂರದ ನಡಿಗೆಗಳೆಲ್ಲ ಒಂದೇ ಜಾತಿಯವಲ್ಲ. ನೆದರ್ಲೆಂಡ್ಸ್‌ನಲ್ಲಿ 1909ರಲ್ಲಿ ಆರಂಭವಾದ, ಈಗ ನೈಮೇಖನ್ ನಗರದಲ್ಲಿ ನಡೆಯುವ ಪ್ರಸಿದ್ಧ ನಡಿಗೆಯಲ್ಲಿ ನಾಲ್ಕು ದಿನ, ದಿನಕ್ಕೆ 30ರಿಂದ 50 ಕಿ.ಮೀ. ನಡೆಯಬೇಕು, ರಾತ್ರಿ ಮಲಗಲು ಸಿಗುತ್ತದೆ. ಹಾಂಗ್‌ಕಾಂಗ್‌ನಲ್ಲಿ 1981ರಲ್ಲಿ ಗೂರ್ಖಾ ಸೈನಿಕರ ತರಬೇತಿಯಾಗಿ ಹುಟ್ಟಿದ ಟ್ರೈಲ್‌ವಾಕರ್‌ನಲ್ಲಿ ನಾಲ್ವರ ತಂಡ 48 ಗಂಟೆಯೊಳಗೆ 100 ಕಿ.ಮೀ. ಬೆಟ್ಟದ ದಾರಿ ಮುಗಿಸಬೇಕು. ಬ್ರಿಟನ್ನಿನಲ್ಲಿ ‘ಸೆಂಚುರಿಯನ್’ ಎನ್ನಿಸಿಕೊಳ್ಳಲು 24 ಗಂಟೆಯೊಳಗೆ 100 ಮೈಲಿ ನಡೆಯಬೇಕು, ಅಂದರೆ 160 ಕಿ.ಮೀ. ಮೊದಲನೆಯದರಲ್ಲಿ ಪ್ರತಿದಿನ ಬೆಳಿಗ್ಗೆ ಬಿಗಿದ ಕಾಲಿನಲ್ಲಿ ಎದ್ದು ನಡೆಯುವ ಅಭ್ಯಾಸ ಬೇಕು. ಎರಡನೆಯದಕ್ಕೆ ಏರಿಳಿತದ ಅಭ್ಯಾಸ, ಮೂರನೆಯದಕ್ಕೆ ನಿದ್ದೆಗೆಟ್ಟು ನಡೆಯುವ ಅಭ್ಯಾಸ. ನಿಮ್ಮದು ಯಾವುದು ಎಂಬುದನ್ನು ಗೊತ್ತುಮಾಡಿಕೊಂಡೇ ಹೆಸರು ಕೊಡಿ.

ಇಲ್ಲಿ ಉದಾಹರಣೆಗೆ ಒಂದೇ ಬಾರಿಗೆ 100 ಕಿ.ಮೀ. ನಡಿಗೆಯನ್ನು ತೆಗೆದುಕೊಂಡಿದ್ದೇನೆ. 50 ಕಿ.ಮೀ. ಗುರಿಯಿದ್ದರೆ 12ರಿಂದ 14 ವಾರ ಸಾಕು.

ಸಮಯದ ಲೆಕ್ಕವನ್ನು ಪ್ರಾಮಾಣಿಕವಾಗಿ ಹಾಕಿ. ಸಮತಟ್ಟು ದಾರಿಯಲ್ಲಿ ಗಂಟೆಗೆ 5 ಕಿ.ಮೀ. ನಡೆಯುವವರು ‘20 ಗಂಟೆಯಲ್ಲಿ ಮುಗಿಸುತ್ತೇನೆ’ ಎಂದು ಕಾಗದದ ಮೇಲೆ ಬರೆಯುತ್ತಾರೆ. ಮೊದಲ 50 ಕಿ.ಮೀ.ಗೆ 10 ಗಂಟೆ ಸರಿ. ಆಮೇಲಿನ 50ಕ್ಕೆ ವೇಗ ಕುಂದಿ 12 ಗಂಟೆ ಹಿಡಿಯುತ್ತದೆ. ಕಾಲುಗಂಟೆಯ ಹತ್ತು ವಿರಾಮ ಎಂದರೆ ಮತ್ತೆ ಎರಡೂವರೆ ಗಂಟೆ. ಒಟ್ಟು ಇಪ್ಪತ್ತನಾಲ್ಕೂವರೆ. ಗುಡ್ಡವಿದ್ದರೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಈಗಲೂ ಕೆಲಸಕ್ಕೆ ಬರುತ್ತದೆ: ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಈ ಸೂತ್ರದಲ್ಲಿ ದಣಿವಿಗೆ ಜಾಗವಿಲ್ಲ, ಅದನ್ನು ನೀವೇ ಸೇರಿಸಿಕೊಳ್ಳಬೇಕು.

ಹಂತ 2: ವೈದ್ಯರ ಬಾಗಿಲು

ಇದನ್ನು ಬೇಗ ಮುಗಿಸೋಣ. ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ, ಮೂತ್ರಪಿಂಡದ ಸಮಸ್ಯೆ, ಹಳೆಯ ಕೀಲುನೋವು ಇದ್ದವರು, ಬಹುಕಾಲ ವ್ಯಾಯಾಮವನ್ನೇ ಮಾಡದವರು ಮೊದಲು ವೈದ್ಯರನ್ನು ಕಾಣಿ. ‘ವಾಕಿಂಗ್ ಮಾಡಬಹುದೇ’ ಎಂದು ಕೇಳಿದರೆ ಎಲ್ಲರೂ ‘ಧಾರಾಳವಾಗಿ’ ಎನ್ನುತ್ತಾರೆ. ಎಷ್ಟು ಗಂಟೆ, ಎಷ್ಟು ದೂರ, ರಾತ್ರಿಯೂ ನಡೆಯಬೇಕೇ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂಬುದನ್ನೆಲ್ಲ ಬಿಡಿಸಿ ಹೇಳಿ. ಸಕ್ಕರೆ ಕಾಯಿಲೆಯವರು ಪಾದದ ಸ್ಪರ್ಶಜ್ಞಾನವನ್ನೂ ಪರೀಕ್ಷಿಸಿಕೊಳ್ಳಬೇಕು. ಬೊಬ್ಬೆ ಬಂದದ್ದು ತಿಳಿಯದ ಪಾದವನ್ನು ನಂಬಿ ಇಷ್ಟು ದೂರ ಹೊರಡಬಾರದು.

ಹಂತ 3: ವಾರಗಳ ಲೆಕ್ಕ

ವಾರಕ್ಕೆ ನಾಲ್ಕು ದಿನ ನಡಿಗೆ ಸಾಕು: ಎರಡು ದಿನ 45 ನಿಮಿಷದಿಂದ ಒಂದು ಗಂಟೆ, ಒಂದು ದಿನ ಏರು ಅಥವಾ ಮೆಟ್ಟಿಲು, ಒಂದು ದಿನ ದೀರ್ಘ ನಡಿಗೆ. ಈ ದೀರ್ಘ ನಡಿಗೆಯೇ ಇಡೀ ಕಟ್ಟಡದ ಕಂಬ. ಉಳಿದ ಮೂರರಲ್ಲಿ ಒಂದು ತಪ್ಪಿದರೆ ಆಕಾಶ ಕಳಚಿ ಬೀಳುವುದಿಲ್ಲ.

ಮೊದಲ ನಾಲ್ಕು ವಾರ ದೀರ್ಘ ನಡಿಗೆಯನ್ನು 10 ಕಿ.ಮೀ.ಯಿಂದ 16ಕ್ಕೆ ಏರಿಸಿ. ಐದು, ಆರು, ಏಳನೇ ವಾರ 19, 22, 25. ಎಂಟನೇ ವಾರ ಮತ್ತೆ 16ಕ್ಕೆ ಇಳಿಸಿ. ಒಂಬತ್ತರಿಂದ ಹನ್ನೊಂದರವರೆಗೆ 26, 29, 32; ಹನ್ನೆರಡನೇ ವಾರ 20. ನಡುನಡುವೆ ಬರುವ ಈ ಇಳಿಕೆಯನ್ನು ಉತ್ಸಾಹಿಗಳು ಮೊದಲು ಕಿತ್ತುಹಾಕುತ್ತಾರೆ. ದಯವಿಟ್ಟು ಮುಟ್ಟಬೇಡಿ. ಮೂಳೆ ಗಟ್ಟಿಯಾಗುವುದು ನಡೆಯುವಾಗ ಅಲ್ಲ, ನಡೆದ ಮೇಲೆ ಸಿಗುವ ಬಿಡುವಿನಲ್ಲಿ.

ಹದಿಮೂರನೇ ವಾರದಿಂದ ಜೋಡಿ ದಿನಗಳು ಬರುತ್ತವೆ. ಶನಿವಾರ 30, ಭಾನುವಾರ 15. ಮುಂದಿನ ವಾರ 35 ಮತ್ತು 20. ಭಾನುವಾರದ ಮೊದಲ ಅರ್ಧಗಂಟೆ ಕಾಲು ಎತ್ತಲೂ ಮನಸ್ಸು ಬರುವುದಿಲ್ಲ. ಆಮೇಲೆ ಬಿಗಿತ ತಾನಾಗಿಯೇ ಸಡಿಲವಾಗುತ್ತದೆ. 60ನೇ ಕಿ.ಮೀ.ಯ ಸ್ಥಿತಿ ಹೇಗಿರುತ್ತದೆ ಎಂಬುದನ್ನು 60 ಕಿ.ಮೀ. ನಡೆಯದೆಯೇ ಕಲಿಯುವ ದಾರಿ ಇದು. ಹದಿನೈದನೇ ವಾರ 24. ಹದಿನಾರನೇ ವಾರ ತರಬೇತಿಯ ಅತಿ ಉದ್ದದ ನಡಿಗೆ: 50ರಿಂದ 55 ಕಿ.ಮೀ., ನಡಿಗೆಯ ದಿನ ಧರಿಸುವ ಅದೇ ಶೂ, ಅದೇ ಚೀಲ, ಅದೇ ಆಹಾರದೊಂದಿಗೆ. 100 ಕಿ.ಮೀ. ತಾಲೀಮು ಬೇಡ. ಅದರಿಂದ ಸಿಗುವ ಧೈರ್ಯಕ್ಕಿಂತ ಆಗುವ ಸವೆತ ಹೆಚ್ಚು. ಹದಿನೇಳನೇ ವಾರ 25 ಕಿ.ಮೀ. ನಿಧಾನವಾಗಿ. ಉಳಿದ ಮೂರು ವಾರಗಳ ವಿಷಯ ಮುಂದೆ ಬರುತ್ತದೆ.

ವೇಗ? ಪೂರ್ಣ ವಾಕ್ಯಗಳಲ್ಲಿ ಮಾತನಾಡುತ್ತಾ ನಡೆಯಲು ಆಗಬೇಕು. ಮಾತು ತುಂಡಾಗುತ್ತಿದ್ದರೆ ನೀವು ಅಗತ್ಯಕ್ಕಿಂತ ಬಿರುಸಾಗಿದ್ದೀರಿ.

ನೋವಿನ ಜಾತಿಯನ್ನು ಗುರುತಿಸಲು ಈ ವಾರಗಳಲ್ಲೇ ಕಲಿಯಿರಿ. ಇಡೀ ಮೀನಖಂಡ ಅಥವಾ ತೊಡೆಯಲ್ಲಿ ಹರಡಿಕೊಂಡು, ಎರಡು-ಮೂರು ದಿನದಲ್ಲಿ ಇಳಿಯುವ ನೋವು ತರಬೇತಿಯ ಕೂಲಿ. ಬೆಳಿಗ್ಗೆ ಹಾಸಿಗೆಯಿಂದಿಳಿದು ಇಟ್ಟ ಮೊದಲ ಹೆಜ್ಜೆಗೇ ಹಿಮ್ಮಡಿಯ ಅಡಿಯಲ್ಲಿ ಚುಚ್ಚಿದರೆ ಅಂಗಾಲಿನ ಪೊರೆಗೆ ಭಾರ ಹೆಚ್ಚಾಗಿದೆ ಎಂದು ಸಂಶಯಪಡಬೇಕು. ದೂರ ತಗ್ಗಿಸಿ, ಮೀನಖಂಡದ ವ್ಯಾಯಾಮ ಹೆಚ್ಚಿಸಿ. ಮೊಣಕಾಲಿನ ಕೆಳಗಿನ ಮೂಳೆಯ ಮೇಲೆ ಅಥವಾ ಪಾದದಲ್ಲಿ ಬೆರಳ ತುದಿಯಿಂದ ತೋರಿಸಬಹುದಾದ ಒಂದೇ ಜಾಗದಲ್ಲಿ ನೋವಿದ್ದು, ಅದು ದಿನೇ ದಿನೇ ಹೆಚ್ಚುತ್ತಾ, ರಾತ್ರಿ ಸುಮ್ಮನೆ ಮಲಗಿದಾಗಲೂ ಮಿಡಿಯುತ್ತಿದ್ದರೆ ನಡಿಗೆ ನಿಲ್ಲಿಸಿ ವೈದ್ಯರ ಬಳಿ ಹೋಗಿ. ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು. ಅದನ್ನು ‘ನಡೆದು ನಡೆದು ಸರಿಮಾಡುತ್ತೇನೆ’ ಎಂದವರು ಬಿರುಕನ್ನು ಮುರಿತ ಮಾಡಿಕೊಂಡು ಕೂರುತ್ತಾರೆ.

ಹಂತ 4: ಇಳಿಜಾರಿಗೆ ತೊಡೆ ತಯಾರು ಮಾಡುವುದು

ಏರುವಾಗ ಏದುಸಿರು ಬರುತ್ತದೆ, ಹಾಗಾಗಿ ಎಲ್ಲರಿಗೂ ಏರಿನದೇ ಭಯ. ಸ್ನಾಯುವನ್ನು ನಿಜವಾಗಿ ಹಣಿಯುವುದು ಇಳಿಜಾರು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಬಿಗಿಹಿಡಿಯಬೇಕು, ಪ್ರತಿ ಹೆಜ್ಜೆಗೂ ಬ್ರೇಕ್ ಹಾಕಬೇಕು. ಹೀಗೆ ಎಳೆತಕ್ಕೆ ಸಿಕ್ಕ ಸ್ನಾಯುವಿನ ಎಳೆಗಳಲ್ಲಿ ಸೂಕ್ಷ್ಮ ಹಾನಿಯಾಗುತ್ತದೆ. ನೋವು ಒಂದು ದಿನದ ನಂತರ ತಲೆಯೆತ್ತಿ ಮೂರನೇ ದಿನದವರೆಗೂ ಕಾಡುತ್ತದೆ. ಮೆಟ್ಟಿಲಿಳಿಯಲು ಪಕ್ಕದ ಹಿಡಿಕಂಬಿ ಹುಡುಕುವ ಸ್ಥಿತಿ ಬರುವುದು ಇದರಿಂದಲೇ.

ಒಂದು ಸಮಾಧಾನವಿದೆ. ಒಮ್ಮೆ ಈ ಹೊಡೆತ ತಿಂದ ಸ್ನಾಯು ಮುಂದಿನ ಹಲವು ವಾರಗಳವರೆಗೆ ಅದೇ ಹೊಡೆತಕ್ಕೆ ಅಷ್ಟಾಗಿ ಜಗ್ಗುವುದಿಲ್ಲ. ಆದ್ದರಿಂದ ಎರಡು-ಮೂರು ವಾರಕ್ಕೊಮ್ಮೆಯಾದರೂ ಉದ್ದದ ಇಳಿಜಾರು ನಡೆಯಿರಿ. ಗುಡ್ಡ ಹತ್ತಿರವಿಲ್ಲದಿದ್ದರೆ ಎತ್ತರದ ಕಟ್ಟಡದ ಮೆಟ್ಟಿಲು ನಡೆಯುತ್ತದೆ. ಹತ್ತಿದ ಮೇಲೆ ಲಿಫ್ಟಿನಲ್ಲಿ ಇಳಿಯುವವರು ಅರ್ಧ ಪಾಠ ಬಿಟ್ಟಂತೆ. ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ, ಮೊಣಕಾಲು ತುಸು ಮಡಿದಿರಲಿ. ಎರಡು ಊರುಗೋಲು ಹಿಡಿದರೆ ಮೊಣಕಾಲಿನ ಭಾರ ಸ್ವಲ್ಪ ಕೈಗೆ ಹಂಚಿಹೋಗುತ್ತದೆ, ಆದರೆ ಅವನ್ನೂ ತರಬೇತಿಯಲ್ಲೇ ಅಭ್ಯಾಸ ಮಾಡಿಕೊಳ್ಳಬೇಕು.

ಮನೆಯಲ್ಲಿ ವಾರಕ್ಕೆ ಎರಡು ಸಲ 20 ನಿಮಿಷದ ಬಲದ ವ್ಯಾಯಾಮ ಸಾಕು. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲು ಊರಿ ಹಿಮ್ಮಡಿಯನ್ನು ಎತ್ತುವುದು, ನಿಧಾನವಾಗಿ ಇಳಿಸುವುದು; ಒಂಟಿ ಕಾಲಿನಲ್ಲಿ ಮೆಟ್ಟಿಲಿಂದ ಕೆಳಕ್ಕೆ ಮೆಲ್ಲನೆ ಇಳಿಯುವುದು; ಬಸ್ಕಿ; ಮೊಣಕೈ ಊರಿ ಮೈಯನ್ನು ಹಲಗೆಯಂತೆ ನೇರವಾಗಿ ಹಿಡಿಯುವುದು. ಬೆನ್ನಿನ ಚೀಲವನ್ನು ಗಂಟೆಗಟ್ಟಲೆ ಹೊತ್ತು ನಡು ಕುಸಿದಾಗ ಈ ಕೊನೆಯದು ನೆನಪಿಗೆ ಬರುತ್ತದೆ.

ಹಂತ 5: ಪಾದ

ಇಲ್ಲಿ ಹೆಚ್ಚು ಹೊತ್ತು ನಿಲ್ಲಲೇಬೇಕು.

ಶೂವನ್ನು ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ, ನಡೆಯುವ ದಿನದ ಕಾಲುಚೀಲವನ್ನೇ ಹಾಕಿಕೊಂಡು ಕೊಳ್ಳಿ. ಗಂಟೆಗಟ್ಟಲೆ ನಡೆದಾಗ ಪಾದ ಊದುತ್ತದೆ. ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಉಳಿದಿರಬೇಕು. ಅನೇಕರಿಗೆ ಎಂದಿನ ಅಳತೆಗಿಂತ ಅರ್ಧ ಅಥವಾ ಒಂದು ಅಳತೆ ದೊಡ್ಡದು ಬೇಕಾಗುತ್ತದೆ. ಹಿಮ್ಮಡಿ ಮಾತ್ರ ಅಲುಗಾಡಬಾರದು. ಶೂವಿನ ಮೇಲ್ತುದಿಯಲ್ಲಿರುವ, ಹೆಚ್ಚಿನವರು ಖಾಲಿ ಬಿಡುವ ಕೊನೆಯ ತೂತಿಗೂ ದಾರ ಪೋಣಿಸಿ, ಎರಡೂ ಕಡೆ ಸಣ್ಣ ಕುಣಿಕೆ ಮಾಡಿ, ಎದುರುಬದುರು ದಾರಗಳನ್ನು ಆ ಕುಣಿಕೆಯೊಳಗೆ ತೂರಿಸಿ ಬಿಗಿದರೆ ಹಿಮ್ಮಡಿ ಕಚ್ಚಿಕೊಂಡು ಕೂರುತ್ತದೆ, ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಗುದ್ದುವುದಿಲ್ಲ. ಗುದ್ದಿಸಿಕೊಂಡ ಉಗುರು ಕಪ್ಪಾಗಿ ಕೆಲವು ವಾರಗಳಲ್ಲಿ ಉದುರುತ್ತದೆ.

ಬೊಬ್ಬೆ ಬರುವುದು ಚರ್ಮದ ಮೇಲೆ ಏನೋ ಉಜ್ಜಿದ್ದರಿಂದ ಮಾತ್ರ ಎಂದುಕೊಳ್ಳುತ್ತೇವೆ. ಪ್ರತಿ ಹೆಜ್ಜೆಯಲ್ಲೂ ಮೂಳೆ ಒಂದು ಕಡೆ ಜಾರುತ್ತದೆ, ಶೂವಿಗೆ ಅಂಟಿಕೊಂಡ ಮೇಲ್ಚರ್ಮ ಅಲ್ಲೇ ಉಳಿಯುತ್ತದೆ. ನಡುವಿನ ಪದರಗಳು ಹಿಂದೆ ಮುಂದೆ ಎಳೆದಾಡಿ ಕೊನೆಗೆ ಬಿಟ್ಟುಕೊಳ್ಳುತ್ತವೆ, ಆ ಖಾಲಿ ಜಾಗಕ್ಕೆ ನೀರು ತುಂಬುತ್ತದೆ. ಬೆವರಿನಿಂದ ಒದ್ದೆಯಾದ ಚರ್ಮ ಒಣಚರ್ಮಕ್ಕಿಂತ ಹೆಚ್ಚು ಅಂಟುತ್ತದೆ. ಹತ್ತಿಯ ಕಾಲುಚೀಲ ಬೆವರನ್ನು ಕುಡಿದು ಹಿಡಿದಿಟ್ಟುಕೊಳ್ಳುವುದರಿಂದ ಅದನ್ನು ಬಿಟ್ಟುಬಿಡಿ. ತೆಳು ಉಣ್ಣೆಯದು ಅಥವಾ ಬೇಗ ಒಣಗುವ ಕೃತಕ ನೂಲಿನದು ಒಳ್ಳೆಯದು. ಬೆರಳು ಬೆರಳಿಗೂ ಪ್ರತ್ಯೇಕ ಗೂಡಿರುವ ಕಾಲುಚೀಲ ನೋಡಲು ತಮಾಷೆಯಾಗಿರುತ್ತದೆ, ಬೆರಳ ಸಂದಿಯ ಬೊಬ್ಬೆ ಕಾಡುವವರಿಗೆ ಅದು ವರ.

ಬೊಬ್ಬೆ ಏಳುವ ಮೊದಲು ಆ ಜಾಗ ಬಿಸಿಯಾಗುತ್ತದೆ. ‘ಮುಂದಿನ ನಿಲ್ದಾಣದಲ್ಲಿ ನೋಡೋಣ’ ಎಂಬ ಮಾತು ಬಾಯಿಗೆ ಬರುವುದು ಆಗಲೇ. ನೋಡಬೇಕಾದದ್ದು ಆಗಲೇ. ದಾರಿಯ ಬದಿ ಕುಳಿತು ಶೂ ಬಿಚ್ಚಿ, ಒಳಗಿನ ಕಲ್ಲುಚೂರು ಕೊಡವಿ, ಪಾದ ಒರೆಸಿ ಒಣಗಿಸಿ, ಟೇಪ್ ಹಚ್ಚಿ. ಟೇಪ್ ಹಚ್ಚುವುದಕ್ಕೂ ಒಂದು ಕ್ರಮವಿದೆ. ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಕತ್ತರಿಸಿ, ಇಲ್ಲದಿದ್ದರೆ ಚೂಪು ಮೂಲೆ ಮೊದಲು ಎದ್ದು ಕಾಲುಚೀಲಕ್ಕೆ ಅಂಟಿಕೊಳ್ಳುತ್ತದೆ. ಹಿಮ್ಮಡಿಗಾದರೆ ಪಾದವನ್ನು ಮೇಲಕ್ಕೆ ಮಡಿಸಿ ಹಿಡಿದು, ಟೇಪನ್ನು ಎಳೆಯದೆ, ಮಧ್ಯದಿಂದ ಎರಡೂ ಬದಿಗೆ ಸವರುತ್ತಾ ಅಂಟಿಸಿ. ಒಂದೂ ಸುಕ್ಕು ಉಳಿಯಬಾರದು; ಆ ಸುಕ್ಕೇ ಮುಂದಿನ ಬೊಬ್ಬೆಯಾಗುತ್ತದೆ. ಕೊನೆಗೆ ಅಂಗೈ ಬಿಸಿಯಿಂದ ಅರ್ಧ ನಿಮಿಷ ಒತ್ತಿಹಿಡಿದರೆ ಅಂಟು ಕೂರುತ್ತದೆ. ನಿಮ್ಮ ಪಾದದ ಯಾವ ಜಾಗ ಮೊದಲು ಬಿಸಿಯಾಗುತ್ತದೆ ಎಂಬುದು ತರಬೇತಿಯ ದೀರ್ಘ ನಡಿಗೆಗಳಲ್ಲೇ ಗೊತ್ತಾಗಿರುತ್ತದೆ. ನಡಿಗೆಯ ದಿನ ಅಲ್ಲಿಗೆ ಹೊರಡುವ ಮೊದಲೇ ಟೇಪ್ ಬೀಳಬೇಕು.

ಎದ್ದ ಬೊಬ್ಬೆ ಚಿಕ್ಕದಾಗಿದ್ದು ನೋಯದಿದ್ದರೆ ಒಡೆಯದೆ ಮುಚ್ಚಿ. ಬಿಗಿದು ನೋಯುತ್ತಿದ್ದು ಇನ್ನೂ ನಡೆಯಲೇಬೇಕಿದ್ದರೆ, ಕೈ ತೊಳೆದು, ಕ್ರಿಮಿನಾಶಕದಿಂದ ಚರ್ಮ ಮತ್ತು ಸೂಜಿಯನ್ನು ಶುಚಿಮಾಡಿ, ಅಂಚಿನಲ್ಲಿ ಚುಚ್ಚಿ ನೀರು ಹೊರಬಿಡಿ. ಮೇಲಿನ ಚರ್ಮವನ್ನು ಕೀಳಬೇಡಿ, ಅದಕ್ಕಿಂತ ಒಳ್ಳೆಯ ಪಟ್ಟಿ ಇಲ್ಲ. ಸಕ್ಕರೆ ಕಾಯಿಲೆಯವರು ತಾವೇ ಸೂಜಿ ಹಿಡಿಯಬಾರದು.

ಉಗುರನ್ನು ಒಂದು ವಾರ ಮೊದಲೇ ನೇರವಾಗಿ ಕತ್ತರಿಸಿ, ಮೂಲೆಗಳನ್ನು ಒಳಕ್ಕೆ ಕೊರೆಯಬೇಡಿ. ತೊಡೆಸಂದಿ, ಕಂಕುಳು, ಚೀಲದ ಪಟ್ಟಿ ತಾಗುವ ಜಾಗಗಳಿಗೆ ಪೆಟ್ರೋಲಿಯಂ ಜೆಲ್ಲಿ. ಇದನ್ನು ಹೇಳಲು ನಾಚಿಕೆಪಡುವವರು 40ನೇ ಕಿ.ಮೀ.ಯಲ್ಲಿ ಕಾಲು ಅಗಲಿಸಿ ನಡೆಯುತ್ತಿರುತ್ತಾರೆ.

ಹಂತ 6: ಹೊಟ್ಟೆಗೂ ತರಬೇತಿ

70 ಕೆ.ಜಿ. ತೂಕದವರು ಸಮತಟ್ಟಿನಲ್ಲಿ ಒಂದು ಕಿ.ಮೀ. ನಡೆಯಲು ಸುಮಾರು 50 ಕಿಲೋಕ್ಯಾಲೊರಿ ಖರ್ಚುಮಾಡುತ್ತಾರೆ. 100 ಕಿ.ಮೀ.ಗೆ 5,000. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಸುಮಾರು 2,000ದಷ್ಟು ಮಾತ್ರ. ನಿಧಾನ ನಡಿಗೆಯಲ್ಲಿ ಕೊಬ್ಬು ದೊಡ್ಡ ಪಾಲು ಹೊರುತ್ತದೆ ನಿಜ, ಆದರೂ ಏನೂ ತಿನ್ನದೆ ಹೋದರೆ ಒಂದು ಹಂತದಲ್ಲಿ ಕಾಲು ಜೋಲಿ, ತಲೆ ಮಂಕು, ಸಿಡುಕು. ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಹೊಟ್ಟೆ ಸೇರಬೇಕು. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ 25 ಗ್ರಾಂನಷ್ಟಿರುತ್ತದೆ. ಹಸಿವಾಗುವವರೆಗೆ ಕಾಯದೆ ಅರ್ಧಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ. ಹತ್ತು ಗಂಟೆ ಕಳೆದ ಮೇಲೆ ಸಿಹಿ ಕಂಡರೆ ಓಕರಿಕೆ ಬರುವುದು ಸಾಮಾನ್ಯ, ಉಪ್ಪು-ಖಾರದ ತಿಂಡಿಯೂ ಚೀಲದಲ್ಲಿರಲಿ. ಯಾವುದು ದಕ್ಕುತ್ತದೆ ಎಂಬುದನ್ನು ದೀರ್ಘ ನಡಿಗೆಗಳಲ್ಲಿ ಪರೀಕ್ಷಿಸಿ. ನಡಿಗೆಯ ದಿನ ಯಾರೋ ಪ್ರೀತಿಯಿಂದ ಕೊಟ್ಟರೆಂದು ಹೊಸ ಪಾನೀಯ ಕುಡಿಯುವುದು ಬೇಡ.

ನೀರಿನ ವಿಷಯದಲ್ಲಿ ‘ಹೆಚ್ಚು ಕುಡಿದಷ್ಟೂ ಒಳ್ಳೆಯದು’ ಎಂಬ ಮಾತು ಅಪಾಯಕಾರಿ. ಬೆವರಿನಲ್ಲಿ ಹೋದದ್ದಕ್ಕಿಂತ ಹೆಚ್ಚು ನೀರು ಕುಡಿಯುತ್ತಲೇ ಇದ್ದರೆ ರಕ್ತದಲ್ಲಿನ ಸೋಡಿಯಂ ತೆಳುವಾಗುತ್ತದೆ. ತಲೆನೋವು, ವಾಕರಿಕೆ, ಗೊಂದಲ ಶುರುವಾಗಿ, ಮಿತಿಮೀರಿದರೆ ಮಿದುಳು ಊದಿ ಸಾವೂ ಸಂಭವಿಸಬಹುದು. ನಿಧಾನವಾಗಿ, ಬಹಳ ಹೊತ್ತು ನಡೆಯುವವರಿಗೇ ಈ ಅಪಾಯ ಹೆಚ್ಚು, ಏಕೆಂದರೆ ಕುಡಿಯಲು ಅವರಿಗೆ ಬೇಕಾದಷ್ಟು ಸಮಯವಿರುತ್ತದೆ. ಬಾಯಾರಿಕೆಯನ್ನು ನಂಬಿ ಕುಡಿಯಿರಿ. ತರಬೇತಿಯ ಮೊದಲು ಮತ್ತು ನಂತರ ತೂಕ ನೋಡಿಕೊಳ್ಳಿ: ಸ್ವಲ್ಪ ಇಳಿದಿದ್ದರೆ ಸಹಜ, ಏರಿದ್ದರೆ ನೀರು ಅತಿಯಾಗಿದೆ. ಬಿಸಿಲಿನ ನಡಿಗೆಯಾದರೆ 10ರಿಂದ 14 ದಿನ ಬಿಸಿಲಿನಲ್ಲೇ ಅಭ್ಯಾಸ ಮಾಡಿ ದೇಹವನ್ನು ಒಗ್ಗಿಸಿಕೊಳ್ಳಿ.

ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಿ ನಡೆಯುವ ಚಾಳಿ ಬೇಡ. ನೀರು ಕಡಿಮೆಯಾಗಿ ಮೊದಲೇ ಒದ್ದಾಡುತ್ತಿರುವ ಮೂತ್ರಪಿಂಡಕ್ಕೆ ಅದು ಇನ್ನೊಂದು ಏಟು.

ಹಂತ 7: ಮನಸ್ಸು

‘ಗಟ್ಟಿ ಮನಸ್ಸಿರಬೇಕು’ ಎನ್ನುವುದು ಸುಲಭ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಮನಸ್ಸಿನ ತಯಾರಿ ಎಂದರೆ ನನ್ನ ಲೆಕ್ಕದಲ್ಲಿ ಮುಖ್ಯವಾಗಿ ಒಂದೇ ಕೆಲಸ: ದಣಿದಾಗ ತೆಗೆದುಕೊಳ್ಳಬೇಕಾದ ನಿರ್ಧಾರಗಳನ್ನು ದಣಿಯುವ ಮೊದಲೇ ತೆಗೆದುಕೊಂಡಿಡುವುದು. 70ನೇ ಕಿ.ಮೀ.ಯಲ್ಲಿ, ನಿದ್ದೆಗೆಟ್ಟ ತಲೆ ಕೊಡುವ ತೀರ್ಪನ್ನು ನಂಬುವಂತಿಲ್ಲ.

ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಸರ್ ಸಂಶೋಧಿಸಿದ ವಿಧಾನವೊಂದು ಇಲ್ಲಿ ಹೇಳಿ ಮಾಡಿಸಿದಂತಿದೆ. ‘ಚೆನ್ನಾಗಿ ನಡೆಯುತ್ತೇನೆ’ ಎಂಬ ಸಂಕಲ್ಪದ ಬದಲು ‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂಬ ವಾಕ್ಯಗಳನ್ನು ಮೊದಲೇ ಕಟ್ಟಿಕೊಳ್ಳುವುದು. ಕೈಬರಹದಲ್ಲಿ ಒಂದು ಚೀಟಿಯಲ್ಲಿ ಬರೆದು ಚೀಲಕ್ಕೆ ಸೇರಿಸಿ:

– ಪಾದ ಬಿಸಿಯಾದರೆ, ಐದು ನಿಮಿಷದೊಳಗೆ ಕೂತು ಶೂ ಬಿಚ್ಚುತ್ತೇನೆ.
– ಎಲ್ಲರ ಮೇಲೂ ಸಿಟ್ಟು ಬರತೊಡಗಿದರೆ, ಮೊದಲು ಏನಾದರೂ ತಿನ್ನುತ್ತೇನೆ.
– ಬಿಟ್ಟುಬಿಡಬೇಕು ಎನ್ನಿಸಿದರೆ, ತಿಂದು, ಕಾಲುಚೀಲ ಬದಲಿಸಿ, ಮುಂದಿನ ನಿಲ್ದಾಣದವರೆಗೆ ನಡೆದು ಆಮೇಲೆ ಯೋಚಿಸುತ್ತೇನೆ.
– ಎದೆನೋವು, ತಲೆಸುತ್ತಿ ಬೀಳುವಂತಾಗುವುದು, ಮಾತು ತೊದಲುವುದು, ಒಂದೇ ಜಾಗದಲ್ಲಿ ಹೆಚ್ಚುತ್ತಲೇ ಹೋಗುವ ಮೂಳೆನೋವು, ಇವುಗಳಲ್ಲಿ ಯಾವುದೇ ಬಂದರೂ ಚರ್ಚೆಯಿಲ್ಲದೆ ನಿಲ್ಲುತ್ತೇನೆ.

ಕೊನೆಯ ಸಾಲು ಉಳಿದ ಮೂರರಷ್ಟೇ ಮುಖ್ಯ. ಯಾವಾಗ ಬಿಡಬೇಕು ಎಂಬುದನ್ನು ಮೊದಲೇ ಬರೆದವರಿಗೆ ಉಳಿದ ಹೊತ್ತೆಲ್ಲ ಬಿಡುವ ಪ್ರಶ್ನೆಯೇ ಎದುರಾಗುವುದಿಲ್ಲ.

ರಾತ್ರಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ನಸುಕಿನ ಮೂರರಿಂದ ಐದು ಗಂಟೆಯ ಆಸುಪಾಸಿನಲ್ಲಿ ದೇಹದ ಉಷ್ಣತೆ ಕನಿಷ್ಠಕ್ಕಿಳಿಯುತ್ತದೆ, ಎಚ್ಚರವೂ ಅದರೊಂದಿಗೆ ಇಳಿಯುತ್ತದೆ. ಆಗ ಬರುವ ಹತಾಶೆಗೆ ಅರ್ಧ ಕಾರಣ ಗಡಿಯಾರ ಎಂಬುದು ಗೊತ್ತಿದ್ದರೆ ಅದನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕಾಗಿಲ್ಲ. ತರಬೇತಿಯಲ್ಲಿ ಒಂದೆರಡು ಸಲವಾದರೂ ರಾತ್ರಿ ಹತ್ತಕ್ಕೆ ಹೊರಟು ನಸುಕಿನವರೆಗೆ, ಸುರಕ್ಷಿತ ದಾರಿಯಲ್ಲಿ, ಜೊತೆಗಾರರೊಂದಿಗೆ ನಡೆಯಿರಿ. ತಲೆದೀಪದ ಸಣ್ಣ ವೃತ್ತದಲ್ಲಿ ದಾರಿಯ ಏರಿಳಿತ ಚಪ್ಪಟೆಯಾಗಿ ಕಾಣುತ್ತದೆ, ಗಂಟೆಗೆ ಐದಿದ್ದ ವೇಗ ನಾಲ್ಕಕ್ಕಿಳಿಯುತ್ತದೆ, ಬೆವರಿದ ಅಂಗಿ ನಿಂತ ಎರಡೇ ನಿಮಿಷದಲ್ಲಿ ತಣ್ಣಗೆ ಕೊರೆಯುತ್ತದೆ. ಕಾಫಿ ಕುಡಿಯುವವರು ಅದನ್ನು ಸಂಜೆಯೇ ಮುಗಿಸದೆ ಈ ಹೊತ್ತಿಗೆಂದು ಉಳಿಸಿಕೊಳ್ಳುವುದು ಜಾಣತನ.

ದೂರವನ್ನು ಒಟ್ಟಾಗಿ ನೋಡಬೇಡಿ. ‘ಇನ್ನೂ 63 ಉಳಿದಿದೆ’ ಎಂಬ ಲೆಕ್ಕ ಯಾರನ್ನೂ ನಡೆಸಿದ್ದಿಲ್ಲ. ಮುಂದಿನ ನಿಲ್ದಾಣ, ಅದೂ ಹೆಚ್ಚಾದರೆ ಮುಂದಿನ ತಿರುವು. ಇಡೀ ತರಬೇತಿಯನ್ನು ಕಿವಿಗೆ ಹಾಡು ತುಂಬಿಕೊಂಡು ಮಾಡಿದವರಿಗೆ ಮೊಬೈಲಿನ ಚಾರ್ಜ್ ಮುಗಿದಾಗ ತಮ್ಮದೇ ಸಹವಾಸ ಹೊಸದೆನ್ನಿಸುತ್ತದೆ. ಕೆಲವು ದೀರ್ಘ ನಡಿಗೆಗಳನ್ನಾದರೂ ಬೇಸರದೊಂದಿಗೇ ಮುಗಿಸಿ ಅಭ್ಯಾಸ ಮಾಡಿಕೊಳ್ಳಿ.

ಹಂತ 8: ಕೊನೆಯ ಮೂರು ವಾರ

ಈಗ ಹೆಚ್ಚು ನಡೆದರೆ ಲಾಭವಿಲ್ಲ, ನಷ್ಟ ಮಾತ್ರ ಇದೆ. ದೀರ್ಘ ನಡಿಗೆಯನ್ನು 25, 15, ಕೊನೆಯ ವಾರ 6 ಕಿ.ಮೀ.ಗೆ ಇಳಿಸಿ; ವೇಗ ಎಂದಿನಂತಿರಲಿ. ಕಾಲು ತುರಿಸುತ್ತದೆ, ಇಲ್ಲದ ನೋವುಗಳು ಕಾಣಿಸಿಕೊಳ್ಳುತ್ತವೆ, ‘ತಯಾರಿ ಸಾಲದು’ ಎಂಬ ಭಯ ಹುಟ್ಟುತ್ತದೆ. ಆ ಭಯಕ್ಕೆ ಮಣಿದು ಕೊನೆಯ ಭಾನುವಾರ 40 ಕಿ.ಮೀ. ನಡೆದುಬರುವವರಿದ್ದಾರೆ. ಕೊನೆಯ ವಾರ ಪ್ರತಿ ರಾತ್ರಿ ಒಂದು ಗಂಟೆ ಹೆಚ್ಚು ನಿದ್ದೆ ಮಾಡಿ. ಹಿಂದಿನ ರಾತ್ರಿ ತಳಮಳದಿಂದ ನಿದ್ದೆ ಬಾರದಿದ್ದರೂ ವಾರದ ಉಳಿಕೆ ಕೈಹಿಡಿಯುತ್ತದೆ.

ಚೀಲದಲ್ಲಿ: ಎರಡು ಜೊತೆ ಒಣ ಕಾಲುಚೀಲ, ಟೇಪ್, ಪುಟ್ಟ ಕತ್ತರಿ, ಕ್ರಿಮಿನಾಶಕ, ತಲೆದೀಪ ಮತ್ತು ಬದಲಿ ಬ್ಯಾಟರಿ, ಗಾಳಿ-ಮಳೆ ತಡೆಯುವ ಮೇಲಂಗಿ, ಬೆಚ್ಚನೆಯ ಅಂಗಿ, ಆಹಾರ, ನೀರು, ತುರ್ತು ಸಂಪರ್ಕದ ಚೀಟಿ. ಇದಕ್ಕಿಂತ ಹೆಚ್ಚು ತುಂಬಬೇಕೆನ್ನಿಸಿದರೆ ಆ ವಸ್ತುವನ್ನು 1.3 ಲಕ್ಷ ಹೆಜ್ಜೆ ಹೊರಬೇಕೆಂಬುದು ನೆನಪಿರಲಿ.

ಹಂತ 9: ನಡಿಗೆಯ ದಿನ

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಮೊದಲ 20 ಕಿ.ಮೀ.ಗೆಂದೇ ಹುಟ್ಟಿದಂತಿದೆ. ಗುಂಪು, ಗದ್ದಲ, ತಾಜಾ ಕಾಲು. ಎಲ್ಲರೂ ಗಂಟೆಗೆ ಆರೂವರೆ ಕಿ.ಮೀ. ಬೀಸಿ ನಡೆಯುತ್ತಾರೆ. ತರಬೇತಿಯ ವೇಗಕ್ಕಿಂತ ಕೂದಲೆಳೆಯಷ್ಟು ನಿಧಾನವಾಗಿ ಹೊರಡಿ. ಈಗ ದಾಟಿಹೋದವರಲ್ಲಿ ಹಲವರು ರಾತ್ರಿ ಮತ್ತೆ ಸಿಗುತ್ತಾರೆ.

ನಿಲ್ದಾಣಗಳಲ್ಲಿ ಕುರ್ಚಿಯೇ ದೊಡ್ಡ ಶತ್ರು. ಒಳಗೆ ಹೋಗುವ ಮೊದಲೇ ಮೂರು ಕೆಲಸ ಗೊತ್ತುಮಾಡಿಕೊಳ್ಳಿ: ನೀರು ತುಂಬಿಸುವುದು, ತಿನ್ನುವುದು, ಪಾದ ನೋಡುವುದು. ಹತ್ತು-ಹದಿನೈದು ನಿಮಿಷ ಮೀರಿದರೆ ಕಾಲು ಬಿಗಿಯುತ್ತದೆ, ಮೈ ತಣ್ಣಗಾಗುತ್ತದೆ. 50ನೇ ಕಿ.ಮೀ.ಯಲ್ಲಿ ಮಾತ್ರ ಅರ್ಧಗಂಟೆ ಕೊಡಿ: ಪಾದ ತೊಳೆದು ಪೂರ್ತಿ ಒಣಗಿಸಿ, ಹೊಸ ಟೇಪ್, ಒಣ ಕಾಲುಚೀಲ, ಕಾಲನ್ನು ಸ್ವಲ್ಪ ಹೊತ್ತು ಎತ್ತರಕ್ಕಿಟ್ಟು ಮಲಗುವುದು. ತಂಡದಲ್ಲಿ ಹೊರಟಿದ್ದರೆ ಅತಿ ನಿಧಾನವಾಗಿರುವವರನ್ನು ಮುಂದೆ ಬಿಡಿ. ಅವರ ಹೆಜ್ಜೆಯೇ ತಂಡದ ಹೆಜ್ಜೆ.

ಹಂತ 10: ಮುಗಿದ ಮೇಲೆ

ಮುಗಿದ ತಕ್ಷಣ ಕುಸಿದು ಕೂರದೆ ಐದು ನಿಮಿಷ ಅಡ್ಡಾಡಿ, ಒಣಬಟ್ಟೆ ಹಾಕಿ, ತಿನ್ನಿ. ರಾತ್ರಿಯೆಲ್ಲ ನಿದ್ದೆಗೆಟ್ಟವರು ತಾವೇ ವಾಹನ ಓಡಿಸಿಕೊಂಡು ಮನೆಗೆ ಹೋಗಬಾರದು. ಈ ಇಡೀ ಸಾಹಸದಲ್ಲಿ ಅತಿ ಅಪಾಯದ ಗಂಟೆ ಅದೇ ಇರಬಹುದು. ಚಾಲಕರನ್ನು ಮೊದಲೇ ಗೊತ್ತುಮಾಡಿ. ಮರುದಿನ ಹತ್ತು-ಹದಿನೈದು ನಿಮಿಷ ಮೆಲ್ಲನೆ ನಡೆಯುವುದು ಬಿಗಿತಕ್ಕೆ ಒಳ್ಳೆಯದು. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ, ಸ್ನಾಯುಗಳು ಊದಿ ತೀವ್ರವಾಗಿ ನೋಯುತ್ತಿದ್ದರೆ, ತಲೆನೋವಿನೊಂದಿಗೆ ಗೊಂದಲ ಕಂಡರೆ ಆಸ್ಪತ್ರೆಗೆ ಹೋಗಲು ತಡಮಾಡಬೇಡಿ. ಬೊಬ್ಬೆಯ ಸುತ್ತ ಕೆಂಪು ಹರಡುತ್ತಾ ಬಿಸಿಯಾಗಿದ್ದರೆ ಅದನ್ನೂ ತೋರಿಸಿ.

ಸ್ನಾಯುನೋವು ಒಂದು ವಾರದೊಳಗೆ ಇಳಿಯುತ್ತದೆ, ಹುರುಪು ಮರಳುತ್ತದೆ, ಮುಂದಿನ ನಡಿಗೆಗೆ ಹೆಸರು ಕೊಡಲು ಕೈ ತುಡಿಯುತ್ತದೆ. ಮೂಳೆ, ಸ್ನಾಯುರಜ್ಜುಗಳ ದುರಸ್ತಿ ಆಗಿನ್ನೂ ನಡೆಯುತ್ತಿರುತ್ತದೆ. ಮೂರು-ನಾಲ್ಕು ವಾರ 15 ಕಿ.ಮೀ. ಮೀರಬೇಡಿ, ಭಾರದ ಚೀಲ ಹೊರಬೇಡಿ.